ಅರ್ಥ ಹೇಳುವವರು

ನಮ್ಮ ನಾಡಿನಲ್ಲಿ ಅರ್ಥ ಹೇಳುವವರಿಗೆ ಎಂದೂ ಬರ ಬಂದದ್ದಿಲ್ಲ. ಬುಟ್ಟಿ ಹೊತ್ತು ಬಾಗಿಲಿಗೆ ಬರುತ್ತಿದ್ದ ಕೊರವಂಜಿ ಅಂಗೈ ನೋಡಿ ಕಣಿ ಹೇಳುತ್ತಿದ್ದಳು. ಬುಡಬುಡಿಕೆಯವನು ಬೆಳಗಿನ ಜಾವದಲ್ಲಿ ಹಾಲಕ್ಕಿ ನುಡಿದದ್ದನ್ನು ಬೀದಿಗೆಲ್ಲ ಕೇಳುವಂತೆ ತಿಳಿಸುತ್ತಿದ್ದ. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂಬುದಕ್ಕೆ ಪಂಚಾಂಗವಿತ್ತು. ಗಮಕಿಗಳು ಕುಮಾರವ್ಯಾಸ ಭಾರತವನ್ನು ವಾಚನ ಮಾಡಿದರೆ ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಪದ್ಯದ ಒಳಗನ್ನು ಬಿಡಿಸಿ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ತಾಳಮದ್ದಳೆಯಲ್ಲಂತೂ ಕಲಾವಿದರಿಗೆ ಅರ್ಥಧಾರಿ ಎಂದೇ ಹೆಸರು. ವೇಷವಿಲ್ಲ, ಕುಣಿತವಿಲ್ಲ, ಮಾತೇ ಅವರ ಬಂಡವಾಳ.

ಈ ಸಾಲಿಗೆ ಹೊಸದೊಂದು ಪಂಗಡ ಸೇರಿಕೊಂಡಿದೆ. ಇವರು ದೊಡ್ಡ ದೊಡ್ಡ ಕಂಪನಿಗಳಿಗೆ ನಮ್ಮ ಬದುಕಿನ ಅರ್ಥ ಹೇಳುವವರು. ಹೊಸ್ತಿಲಿಗೆ ಅರಿಶಿನ ಏಕೆ ಹಚ್ಚುತ್ತೇವೆ, ಹಸಿರು ಬಳೆ ಎಂದರೆ ಏನು, ಹಾಲು ಉಕ್ಕಿದರೆ ಮನೆಯಲ್ಲಿ ಯಾರ ಮುಖ ಅರಳುತ್ತದೆ, ಮಗಳನ್ನು ಕಳಿಸಿಕೊಡುವಾಗ ಮಡಿಲು ಏಕೆ ತುಂಬುತ್ತೇವೆ — ಇದನ್ನೆಲ್ಲ ಒಂದೊಂದು ಸಂಕೇತ ಎಂದು ಹೆಕ್ಕಿ, ಅದರ ಅರ್ಥ ಬರೆದು, ವರದಿ ಮಾಡಿ ಕೊಡುವುದು ಇವರ ಉದ್ಯೋಗ. ಇದಕ್ಕೊಂದು ಶಾಸ್ತ್ರವೂ ಇದೆ. ಇಂಗ್ಲಿಷಿನಲ್ಲಿ ಸೆಮಿಯಾಟಿಕ್ಸ್ ಎನ್ನುತ್ತಾರೆ. ನಾವು ಸಂಕೇತಶಾಸ್ತ್ರ ಎಂದುಕೊಳ್ಳೋಣ. ಸೋಪಿನ ಹೊದಿಕೆಯ ಮೇಲೆ ಯಾವ ಬಣ್ಣ ಇರಬೇಕು, ಟೀ ಪುಡಿಯ ಜಾಹೀರಾತಿನಲ್ಲಿ ಅತ್ತೆ ಎಲ್ಲಿ ಕುಳಿತಿರಬೇಕು, ಸೊಸೆ ಎಲ್ಲಿ ನಿಂತಿರಬೇಕು ಎಂಬುದೆಲ್ಲ ಆ ವರದಿಯಿಂದ ನಿರ್ಧಾರವಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಈ ಉದ್ಯೋಗದಲ್ಲಿದ್ದಾಳೆ. ಹತ್ತನೆಯ ತರಗತಿಯ ಕನ್ನಡ ಪತ್ರಿಕೆಯಲ್ಲಿ ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೆ ಅವಳಷ್ಟು ಸೊಗಸಾಗಿ ಉತ್ತರ ಬರೆದವರನ್ನು ನಾನು ಕಂಡಿಲ್ಲ. ಬುದ್ಧಿವಂತೆ, ಒಳ್ಳೆಯ ಹುಡುಗಿ. ತನ್ನ ಕೆಲಸವನ್ನು ನನಗೆ ವಿವರಿಸುತ್ತ, “ನೀವು ಕಲಿಸಿದ್ದನ್ನೇ ಮಾಡ್ತಿದೀನಿ ಮಿಸ್, ಪದ್ಯದ ಬದಲು ಜನರ ಸ್ವಾರಸ್ಯ ಬರೀತೀನಿ, ಅಷ್ಟೆ” ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಉದ್ಯೋಗದ ಮೇಲೆ ಇದೆ. ಏಕೆಂದರೆ ಆ ಪ್ರಶ್ನೆಗೆ ನಾವು ಅಂಕ ಕೊಡುವ ರೀತಿಯೇ ಬೇರೆ. ಆಕರಕ್ಕೊಂದು, ಸಂದರ್ಭಕ್ಕೊಂದು, ಸ್ವಾರಸ್ಯಕ್ಕೊಂದು. ಈ ಮಾತು ಯಾವ ಕೃತಿಯದು, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದನ್ನು ಬಿಟ್ಟು ಬರೀ ಸ್ವಾರಸ್ಯ ಬರೆದ ಹುಡುಗಿಗೆ ಮೂರಕ್ಕೆ ಒಂದೇ ಅಂಕ ಸಿಗುವುದು.

ಈ ಉದ್ಯೋಗದ ಹಿರಿಯರ ಕಥೆಯನ್ನು ಸ್ವಲ್ಪ ನೋಡಿ. ಅದು ಮೊದಲಿನಿಂದಲೂ ಹೆಂಗಸರ ಸುತ್ತಲೇ ಸುತ್ತಿಕೊಂಡು ಬಂದ ಕಥೆ. 1929ರಲ್ಲಿ ಅಮೆರಿಕದ ಒಂದು ತಂಬಾಕು ಕಂಪನಿಗೆ ಚಿಂತೆ ಹತ್ತಿತು. ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದು ಅಲ್ಲಿಯೂ ಆಗ ಅಮರ್ಯಾದೆ. ಅರ್ಧ ಜನ ಸೇದದೇ ಹೋದರೆ ವ್ಯಾಪಾರದ ಗತಿ ಏನು? ಫ್ರಾಯ್ಡನ ಸೋದರಳಿಯ ಎಡ್ವರ್ಡ್ ಬರ್ನೇಸ್ ಎಂಬಾತನನ್ನು ಹಿಡಿದರು. ಆತ ಎ.ಎ. ಬ್ರಿಲ್ ಎಂಬ ಮನೋವಿಶ್ಲೇಷಕನ ಬಳಿ ಹೋಗಿ ಹೆಂಗಸಿಗೆ ಸಿಗರೇಟು ಎಂದರೆ ಏನು ಎಂದು ಕೇಳಿದ. ಅದು ಸ್ವಾತಂತ್ರ್ಯದ ಪಂಜು ಎಂಬ ಅರ್ಥ ಬಂತು. ಆ ವರ್ಷದ ಈಸ್ಟರ್ ದಿನ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ, ಚಂದದ ಉಡುಪಿನ ಕೆಲವು ತರುಣಿಯರು ಮೆರವಣಿಗೆಯ ಮಧ್ಯೆ ಸಿಗರೇಟು ಹಚ್ಚಿದರು. ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ಹಿಂದೆ ನಿಂತ ಕಂಪನಿಯ ಹೆಸರು ಮಾತ್ರ ಎಲ್ಲೂ ಬರದಂತೆ ನೋಡಿಕೊಂಡಿದ್ದರು. ಅಮೆರಿಕದ ಹೆಂಗಸರಿಗೆ ಓಟು ಸಿಕ್ಕಿ ಆಗ ಒಂಬತ್ತು ವರ್ಷವಾಗಿತ್ತು. ಎಷ್ಟೋ ಜನ ಜೈಲು ಕಂಡು ಗಳಿಸಿದ ಮಾತು ‘ಸ್ವಾತಂತ್ರ್ಯ’. ಅದನ್ನು ಎತ್ತಿ ಸಿಗರೇಟಿನ ತುದಿಗೆ ಅಂಟಿಸಿದರು. ಇದೇ ಬರ್ನೇಸ್ ಮನೆಯಲ್ಲಿ ಹೆಂಡತಿಯ ಸಿಗರೇಟು ಬಿಡಿಸಲು ಹೆಣಗುತ್ತಿದ್ದ ಎಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ.

ಆಮೇಲೆ ಬಂದವನು ಅರ್ನೆಸ್ಟ್ ಡಿಕ್ಟರ್. ವಿಯೆನ್ನಾದಲ್ಲಿ 1907ರಲ್ಲಿ ಹುಟ್ಟಿ, 1938ರಲ್ಲಿ ಅಮೆರಿಕಕ್ಕೆ ಹೋಗಿ, ಜನ ವಸ್ತುಗಳನ್ನು ಏಕೆ ಕೊಳ್ಳುತ್ತಾರೆಂದು ಹೇಳುವುದನ್ನೇ ದೊಡ್ಡ ಉದ್ಯಮ ಮಾಡಿದವನು. ಇವನ ಹೆಸರಿಗೆ ಅಂಟಿಕೊಂಡ ಒಂದು ಮೊಟ್ಟೆಯ ಕಥೆ ಇದೆ. ಜಾಹೀರಾತಿನ ತರಗತಿಗಳಲ್ಲಿ ಅದನ್ನು ಇವತ್ತಿಗೂ ಪುರಾಣದಂತೆ ಹೇಳುತ್ತಾರೆ. ನನ್ನ ವಿದ್ಯಾರ್ಥಿನಿಯೂ ಹೇಳಿದಳು. ನೀರು ಬೆರೆಸಿದರೆ ಕೇಕ್ ಆಗುವಂಥ ಪುಡಿಯನ್ನು ಕಂಪನಿಗಳು ತಯಾರಿಸಿದವಂತೆ. ಹೆಂಗಸರು ಕೊಳ್ಳಲಿಲ್ಲವಂತೆ. ಡಿಕ್ಟರ್ ಹೆಂಗಸರನ್ನು ಕೂರಿಸಿ ಮಾತಾಡಿಸಿ, ‘ಇದು ತೀರಾ ಸುಲಭವಾಯಿತು, ಗಂಡ ಮಕ್ಕಳಿಗೆ ಮೋಸ ಮಾಡಿದಂತೆ ಅವಳಿಗೆ ಪಾಪಪ್ರಜ್ಞೆ ಕಾಡುತ್ತದೆ, ಒಂದು ಮೊಟ್ಟೆ ಅವಳೇ ಒಡೆದು ಹಾಕಲಿ, ತಾನೂ ಏನೋ ಮಾಡಿದೆ ಎನಿಸುತ್ತದೆ’ ಎಂದನಂತೆ. ಮೊಟ್ಟೆ ಎಂದರೆ ಫಲವಂತಿಕೆ, ತಾಯ್ತನ. ಪುಡಿಯಿಂದ ಮೊಟ್ಟೆಯ ಅಂಶ ತೆಗೆದರಂತೆ, ವ್ಯಾಪಾರ ಏರಿತಂತೆ.

ಕಥೆ ಕೇಳಲು ಚೆಂದ. ಆದರೆ ಪಿಟ್ಸ್‌ಬರ್ಗಿನ ಡಫ್ ಎಂಬ ಕಂಪನಿ 1935ರಲ್ಲೇ, ಡಿಕ್ಟರ್ ಅಮೆರಿಕದ ನೆಲ ಮೆಟ್ಟುವುದಕ್ಕೆ ಮೊದಲೇ, ತಾಜಾ ಮೊಟ್ಟೆ ಸೇರಿಸಿ ಮಾಡುವ ಪುಡಿಗೆ ಪೇಟೆಂಟು ಪಡೆದಿತ್ತು. ಗೃಹಿಣಿಯರಿಗೆ ತಾಜಾ ಮೊಟ್ಟೆಯೇ ಇಷ್ಟ ಎಂಬುದನ್ನು ಆ ಪೇಟೆಂಟಿನಲ್ಲೇ ಬರೆದಿದ್ದರು. ಇಷ್ಟ ಏಕೆ? ಒಣಗಿಸಿದ ಮೊಟ್ಟೆಯ ಪುಡಿ ಹಾಕಿದ ಕೇಕಿಗೆ ಒಂದು ಥರದ ವಾಸನೆ, ತಾಜಾ ಮೊಟ್ಟೆ ಹಾಕಿದರೆ ರುಚಿಯೂ ಹೆಚ್ಚು, ಹದವೂ ಹೆಚ್ಚು. ಅಡುಗೆ ಮಾಡುವ ಯಾರಿಗಾದರೂ ಗೊತ್ತಾಗುವ ಮಾತು. ಹೆಂಗಸು ಹೇಳಿದ್ದು ರುಚಿಯ ವಿಷಯ. ಅರ್ಥ ಹೇಳುವವನು ಬರೆದುಕೊಂಡದ್ದು ಪಾಪಪ್ರಜ್ಞೆ. ಅವಳಿಗೆ ಒಂದು ಕಾರಣವಿತ್ತು. ಅವನ ಕೈಯಲ್ಲಿ ಅದೊಂದು ರೋಗಲಕ್ಷಣವಾಯಿತು.

ನನ್ನ ಜಗಳವೆಲ್ಲ ಇಲ್ಲಿಯೇ ಇರುವುದು. ಬೇಕಾದರೆ ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇನೆ. ನನ್ನ ಚಿಕ್ಕಮ್ಮನ ಮಗಳು ಚಿತ್ರದುರ್ಗದ ಕಡೆಯ ಒಂದು ಊರಿನಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಅವಳ ಮನೆಗೆ ಇಬ್ಬರು ಹುಡುಗಿಯರು, ಒಬ್ಬ ಕ್ಯಾಮೆರಾ ಹುಡುಗ ಬಂದರು. ನೀವು ಬಟ್ಟೆ ಒಗೆಯುವುದನ್ನು ನೋಡಬೇಕು, ಎರಡು ಗಂಟೆ ಸಾಕು ಎಂದರು. ಯಾವ ಕಂಪನಿಗೆ ಎಂದು ಹೇಳಲಿಲ್ಲ. ಕೊನೆಯಲ್ಲಿ ಒಂದು ಸ್ಟೀಲ್ ಡಬ್ಬಿಯನ್ನೂ ಐನೂರು ರೂಪಾಯಿಯನ್ನೂ ಕೊಟ್ಟರು. ಅವಳು ಸೋಪಿನ ಪುಡಿಯನ್ನು ಚಮಚದಲ್ಲಿ ಅಳೆಯದೆ ಮುಷ್ಟಿಯಲ್ಲಿ ಹಾಕಿ, ಬಕೆಟ್ಟಿನ ನೀರಿಗೆ ಕೈ ಇಳಿಸಿ, ಬೆರಳು ಉಜ್ಜಿ ನೋಡಿ, ಮತ್ತೆ ಸ್ವಲ್ಪ ಹಾಕಿದಳು. ಏಕೆ ಹಾಗೆ ಎಂದು ಕೇಳಿದರು. ಅವಳು ವಿವರವಾಗಿ ಹೇಳಿದಳು. ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ, ಉಳಿದ ದಿನ ಬೋರ್ ನೀರು. ಬೋರ್ ನೀರು ಸೌಳು, ನೊರೆ ಬರುವುದಿಲ್ಲ. ಕೆಲವು ದಿನ ಎರಡನ್ನೂ ಬೆರೆಸಿರುತ್ತೇವೆ. ಹಾಗಾಗಿ ಚಮಚದ ಲೆಕ್ಕ ನಡೆಯುವುದಿಲ್ಲ, ಬೆರಳಿಗೆ ಜಾರು ಸಿಕ್ಕಬೇಕು. ಹಿಂದೆ ನಿಂತಿದ್ದ ಅವಳ ಪಿಯುಸಿ ಓದುವ ಮಗಳು ಆ ಹುಡುಗಿಯ ಪುಸ್ತಕದೊಳಗೆ ಇಣುಕಿದಳು. ಅಲ್ಲಿ ಇಂಗ್ಲಿಷಿನಲ್ಲಿ ಎರಡೇ ಪದ ಇತ್ತು, ‘ಮದರ್ಸ್ ಟಚ್’.

“ಅಕ್ಕಾ, ನಾನು ನೀರು ಸೌಳು ಅಂದೆ, ಅವರು ಮಮತೆ ಅಂತ ಬರ್ಕೊಂಡ್ರು ನೋಡು” ಎಂದು ಅವಳು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ನೀರು ಸೌಳು ಎಂಬುದು ದೂರು. ಅದು ಪುರಸಭೆಗೆ ಮುಟ್ಟಬೇಕಾದ ಮಾತು. ಸೋಪಿನ ಕಂಪನಿಗೂ ಮುಟ್ಟಬಹುದಾದ ಮಾತು. ಸೌಳು ನೀರಿಗೆ ಹೊಂದುವ ಪುಡಿ ಮಾಡಿಕೊಡಿ ಎಂಬ ಬೇಡಿಕೆ ಅದರಲ್ಲಿದೆ. ಮಮತೆ ಎಂದು ಬರೆದುಕೊಂಡರೆ ಯಾರೂ ಏನೂ ಮಾಡಬೇಕಾಗಿಲ್ಲ. ಬಿಳಿ ಅಂಗಿಯ ಹುಡುಗನೊಬ್ಬ ಕೆಸರು ಮೆತ್ತಿಕೊಂಡು ಬಂದು ತಾಯಿಯನ್ನು ತಬ್ಬಿಕೊಂಡರೆ ಮುಗಿಯಿತು. ಹೆಂಗಸಿನ ತಿಳಿವಳಿಕೆಯನ್ನು ಹೆಂಗಸಿನ ಭಾವನೆಯನ್ನಾಗಿ ಅನುವಾದಿಸುವುದು ಈ ಉದ್ಯೋಗದ ಹಳೇ ಚಾಳಿ. ಬೆಟ್ಟಿ ಫ್ರೀಡನ್ 1963ರಲ್ಲಿ ‘ದಿ ಫೆಮಿನೈನ್ ಮಿಸ್ಟೀಕ್’ ಬರೆದಾಗ ಡಿಕ್ಟರನ ಕಚೇರಿಗೇ ಹೋಗಿ ಇಂಥ ವರದಿಗಳನ್ನು ಓದಿದಳು. ಅವನ ಹೆಸರು ಹಾಕದೆ ಒಂದಿಡೀ ಅಧ್ಯಾಯದಲ್ಲಿ ಅವುಗಳ ಬಣ್ಣ ಬಯಲು ಮಾಡಿದಳು. ಮನೆಗೆಲಸದಲ್ಲಿ ಹೆಂಗಸಿಗೆ ಆಗುವ ಬೇಸರವನ್ನು ಇವರು ಚೆನ್ನಾಗಿಯೇ ಓದಿಕೊಂಡಿದ್ದರು. ಅದಕ್ಕೆ ಬರೆದುಕೊಟ್ಟ ಮದ್ದು ಮಾತ್ರ ಇನ್ನೊಂದು ವಸ್ತು ಕೊಳ್ಳುವುದು.

ಈ ಶಾಸ್ತ್ರವನ್ನು ಸಾರಾಸಗಟಾಗಿ ಬೈಯುವುದು ನನ್ನ ಉದ್ದೇಶವಲ್ಲ. ಅದನ್ನು ಬೆಳೆಸಿದ ರೋಲಾ ಬಾರ್ತ್ ಎಂಬ ಫ್ರೆಂಚ್ ಲೇಖಕ 1957ರಲ್ಲಿ ಪ್ರಕಟಿಸಿದ ‘ಮಿಥಾಲಜೀಸ್’ ಪುಸ್ತಕದಲ್ಲಿ ಸೋಪಿನ ಪುಡಿಯ ಮೇಲೆಯೇ ಒಂದು ಲೇಖನವಿದೆ. ನೊರೆ ಎಂದರೆ ಸಮೃದ್ಧಿ, ಬಿಳುಪು ಎಂದರೆ ಗೆಲುವು ಎಂದು ಜಾಹೀರಾತು ನಮ್ಮ ತಲೆಯಲ್ಲಿ ಹೇಗೆ ಬಿತ್ತುತ್ತದೆ ಎಂದು ತೋರಿಸಿ, ಪೈಪೋಟಿ ಮಾಡುವಂತೆ ಕಾಣುವ ಎರಡು ಪುಡಿಗಳೂ ಯೂನಿಲಿವರ್ ಎಂಬ ಒಂದೇ ಕಂಪನಿಯವು ಎಂದು ಆತ ಕೊನೆಗೆ ನೆನಪಿಸುತ್ತಾನೆ. ಅಂದರೆ ಕೊಳ್ಳುವವರ ಕಣ್ಣು ತೆರೆಸಲು ಹುಟ್ಟಿದ ವಿದ್ಯೆ ಇದು. ಅವನ ಶಿಷ್ಯರಲ್ಲೇ ಒಬ್ಬನಾದ ಜಾರ್ಜ್ ಪೆನಿನೂ ಪ್ಯಾರಿಸ್ಸಿನ ಜಾಹೀರಾತು ಸಂಸ್ಥೆಯೊಂದರ ಸಂಶೋಧನಾ ವಿಭಾಗ ಸೇರಿಕೊಂಡ. ಕಳ್ಳನನ್ನು ಹಿಡಿಯಲು ಮಾಡಿಸಿದ ಬೀಗದಕೈ ಕಳ್ಳನ ಸೊಂಟಕ್ಕೇ ಸೇರಿದ ಹಾಗಾಯಿತು.

ಇನ್ನು ನಮ್ಮ ಕುಂಕುಮದ ವಿಷಯ. ಹಬ್ಬ ಬಂತೆಂದರೆ ಟಿವಿಯಲ್ಲಿ, ಪತ್ರಿಕೆಯ ಮುಖಪುಟದಲ್ಲಿ ಕುಂಕುಮ, ಹಸಿರು ಬಳೆ, ಮಲ್ಲಿಗೆ, ರೇಷ್ಮೆಯಂಚು ತುಂಬಿ ತುಳುಕುತ್ತವೆ. ಮೊದಲನೆಯದಾಗಿ, ಈ ವರದಿಗಳ ‘ಕರ್ನಾಟಕದ ಮಹಿಳೆ’ ಯಾರೆಂದು ನನಗೆ ತಿಳಿಯುವುದಿಲ್ಲ. ಇಳಕಲ್ ಸೀರೆಯುಟ್ಟು ರೊಟ್ಟಿ ಬಡಿಯುವವಳು ಅಲ್ಲಿಲ್ಲ. ನೆರಿಗೆಯನ್ನು ಹಿಂದಕ್ಕೆ ಕಟ್ಟುವ ಕೊಡಗಿನವಳಿಲ್ಲ. ಕೊರಳು ತುಂಬ ಮಣಿಸರ ಹಾಕುವ ಅಂಕೋಲೆಯ ಹಾಲಕ್ಕಿ ಒಕ್ಕಲಿನ ಹೆಂಗಸಿಲ್ಲ. ಬುರ್ಖಾದವಳಂತೂ ಹಬ್ಬದ ಪಾಯಸಕ್ಕೆ ಪಕ್ಕದ ಮನೆಯಿಂದ ಬರುವ ಪಾತ್ರಕ್ಕಷ್ಟೇ. ಹೋಗಲಿ, ಅದು ಚಿಕ್ಕ ದೂರು. ದೊಡ್ಡದು ಬೇರೆ ಇದೆ.

ಕುಂಕುಮ ಎಂಬ ಸಂಕೇತಕ್ಕೆ ಎರಡು ಮುಖಗಳಿವೆ. ಒಬ್ಬಳ ಹಣೆಗೆ ಅದು ಏರಿದಾಗ ಏನಾಗುತ್ತದೆ ಎಂಬುದು ಒಂದು. ಇನ್ನೊಬ್ಬಳ ಹಣೆಯಿಂದ ಅದನ್ನು ಅಳಿಸಿದಾಗ ಏನಾಗುತ್ತದೆ ಎಂಬುದು ಇನ್ನೊಂದು. ಬಳೆ ತೊಡಿಸುವ ಶಾಸ್ತ್ರವಿರುವ ಮನೆಯಲ್ಲೇ ಬಳೆ ಒಡೆಯುವ ಶಾಸ್ತ್ರವೂ ಇತ್ತು. ಈ ಎರಡನ್ನೂ ಬಲ್ಲದ್ದರಿಂದಲೇ ನಮ್ಮ ಅಜ್ಜಿಯರು ಕುಂಕುಮದ ಬಟ್ಟಲನ್ನು ಮುಟ್ಟುವಾಗ ಕೈ ಸ್ವಲ್ಪ ನಡುಗುತ್ತಿತ್ತು. ನಮ್ಮ ಸಹೋದ್ಯೋಗಿಯೊಬ್ಬರು ಗಂಡನನ್ನು ಕಳೆದುಕೊಂಡ ವರ್ಷ, ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅರಿಶಿನ ಕುಂಕುಮದ ತಟ್ಟೆ ಕೈಯಿಂದ ಕೈಗೆ ಬಂತು. ಅವರ ಕುರ್ಚಿಯ ಬಳಿ ಬಂದಾಗ ತಟ್ಟೆ ಹಿಡಿದವರು ಏನೋ ನೆನಪಾದವರಂತೆ ಕಿಟಕಿಯ ಕಡೆ ಹೋದರು, ಅಲ್ಲಿಂದ ಮುಂದಿನ ಕುರ್ಚಿಗೆ ಬಂದರು. ಯಾರೂ ಒಂದು ಮಾತೂ ಆಡಲಿಲ್ಲ. ಆ ಅರ್ಧ ನಿಮಿಷದಲ್ಲಿ ಕುಂಕುಮದ ಅರ್ಥ ಏನೆಂದು ಅಲ್ಲಿದ್ದ ಹನ್ನೊಂದು ಹೆಂಗಸರಿಗೂ ಗೊತ್ತಿತ್ತು. ಯಾವ ವರದಿಯಲ್ಲಿ ಆ ಕಿಟಕಿಯ ಕಡೆಯ ನಡಿಗೆ ಬರೆದಿರುತ್ತಾರೆ? ಬರೆದರೆ ಸೀರೆ ಮಾರಾಟವಾಗುವುದಿಲ್ಲ. ಅರ್ಧ ಅರ್ಥ ಮಾತ್ರ ಮಾರುಕಟ್ಟೆಗೆ ಬೇಕು. ಅರ್ಧ ಅರ್ಥವನ್ನು ಮೂವತ್ತು ವರ್ಷ ದಿನವೂ ತೋರಿಸಿದರೆ ನಮ್ಮ ಮಕ್ಕಳು ಅದನ್ನೇ ಇಡೀ ಅರ್ಥ ಎಂದುಕೊಳ್ಳುತ್ತಾರೆ. ವಿಧವೆಯ ನೋವಿನ ಬಗ್ಗೆ ತರಗತಿಯಲ್ಲಿ ಮಾತಾಡಿದರೆ ‘ಅದೆಲ್ಲ ಹಳೇ ಕಾಲ ಮಿಸ್’ ಎನ್ನುತ್ತಾರೆ. ಅವರು ನೋಡಿದ ಕುಂಕುಮದಲ್ಲಿ ಅಳಿಸಿದ ಗುರುತೇ ಇಲ್ಲವಲ್ಲ.

ಸಂಕೇತವನ್ನು ಹೆಂಗಸರೂ ಓದಬಲ್ಲರು, ಓದಿ ಉತ್ತರವನ್ನೂ ಕೊಡಬಲ್ಲರು ಎಂಬುದಕ್ಕೆ ಬಿಳಿ ಬಣ್ಣದ ಕ್ರೀಮಿನ ಕಥೆಯೇ ಸಾಕ್ಷಿ. ಹಿಂದೂಸ್ತಾನ್ ಲಿವರ್ ಕಂಪನಿ 1975ರಲ್ಲಿ ಫೇರ್ ಅಂಡ್ ಲವ್ಲಿಯನ್ನು ಮಾರುಕಟ್ಟೆಗೆ ತಂದಿತು. ಮೊದಮೊದಲು ಅದರ ಕಥೆ ಗಂಡು ಸಿಗುವುದಕ್ಕೆ ಸೀಮಿತವಾಗಿತ್ತು. ಆಮೇಲೆ ಹುಡುಗಿಯರು ಕೆಲಸಕ್ಕೆ ಹೊರಟರು ಎಂಬುದನ್ನು ಅರ್ಥ ಹೇಳುವವರು ಸರಿಯಾಗಿಯೇ ಗುರುತಿಸಿದರು. ಗುರುತಿಸಿ ಮಾಡಿದ್ದೇನು? ಮಗನಿದ್ದಿದ್ದರೆ ಎಂದು ಅಪ್ಪ ಹಲುಬುತ್ತಾನೆ, ಮಗಳು ಕ್ರೀಮು ಹಚ್ಚುತ್ತಾಳೆ, ಬೆಳ್ಳಗಾಗುತ್ತಾಳೆ, ಗಗನಸಖಿಯಾಗುತ್ತಾಳೆ, ಅಪ್ಪನಿಗೆ ಕಾಫಿ ಕುಡಿಸುತ್ತಾಳೆ. ಸಿಗರೇಟಿನ ಪಂಜಿನ ಕಥೆ ಇಲ್ಲಿಗೆ ಬಂದು ಮುಟ್ಟಿತು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯವರು ಇದನ್ನು ಬೇರೆ ರೀತಿ ಓದಿದರು. ಕಪ್ಪಗಿರುವ ಹೆಣ್ಣನ್ನೂ ಹೆಣ್ಣು ಹೆತ್ತ ಮನೆಯನ್ನೂ ಒಟ್ಟಿಗೇ ಹಂಗಿಸುವ ಜಾಹೀರಾತಿದು ಎಂದು ದೂರು ಕೊಟ್ಟು ಬೆನ್ನು ಹತ್ತಿದರು. 2003ರಲ್ಲಿ ಕಂಪನಿ ಆ ಜಾಹೀರಾತನ್ನು ಹಿಂತೆಗೆದುಕೊಂಡಿತು. 2020ರಲ್ಲಿ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಪದವೇ ಹೋಗಿ ‘ಗ್ಲೋ’ ಬಂತು. ಬಿಳುಪು ಹೋಯಿತು, ಹೊಳಪು ಬಂತು! ಆ ಬದಲಾವಣೆಯನ್ನು ಮೆಚ್ಚಬೇಕೋ ನಗಬೇಕೋ ನೀವೇ ಹೇಳಿ. ನನ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಹೊಳೆಯೋದೂ ಬೆಳ್ಳಗಿರೋರೇ ಅಲ್ವಾ ಮಿಸ್?” ಎಂದು ಕೇಳಿದಳು. ಅವಳಿಗೆ ಯಾರೂ ಸಂಬಳ ಕೊಡುವುದಿಲ್ಲ.

ಅಕ್ಷಯ ತದಿಗೆಯ ಮಾತನ್ನೂ ಆಡಿಬಿಡುತ್ತೇನೆ. ಈಗ ತದಿಗೆ ಎಂದರೆ ಯಾರಿಗೂ ಕಿವಿಗೆ ಹಿಡಿಸುವುದಿಲ್ಲ, ‘ಅಕ್ಷಯ ತೃತೀಯ’ ಎನ್ನಬೇಕು. ನಾನು ಹೈಸ್ಕೂಲು ಓದುತ್ತಿದ್ದಾಗ ನಮ್ಮೂರಿನಲ್ಲಿ ಅಂದು ಚಿನ್ನದ ಅಂಗಡಿಯ ಮುಂದೆ ಜನ ಸಾಲು ನಿಂತದ್ದನ್ನು ನಾನು ಕಂಡಿಲ್ಲ. ವೈಶಾಖದ ಬಿಸಿಲು. ನಮ್ಮಜ್ಜಿ ಅಂದು ಹೊಸ ಮಣ್ಣಿನ ಕೊಡದಲ್ಲಿ ನೀರು ತುಂಬಿ, ಮೇಲೊಂದು ಬೀಸಣಿಗೆ, ನಾಲ್ಕು ಮಾವಿನಹಣ್ಣು ಇಟ್ಟು ದಾನ ಕೊಡುತ್ತಿದ್ದಳು. ದಾರಿಯಲ್ಲಿ ಹೋಗುವವರಿಗೆ ಮಜ್ಜಿಗೆ, ಪಾನಕ. ಆ ದಿನ ಮಾಡಿದ್ದು ಕ್ಷಯವಾಗುವುದಿಲ್ಲ ಎಂಬ ನಂಬಿಕೆಯಿತ್ತಲ್ಲ, ಅದು ಕೊಟ್ಟದ್ದಕ್ಕೆ ಸಂಬಂಧಿಸಿದ್ದು. ಕೊಡುವ ದಿನ ನಮ್ಮ ಕಣ್ಣೆದುರಿಗೇ ಕೊಳ್ಳುವ ದಿನವಾಯಿತು. ‘ಅಕ್ಷಯ’ ಎಂಬ ಪದವನ್ನು ಯಾರೋ ಒಬ್ಬರು ಓದಿ, ಅದರೊಳಗೆ ಏನನ್ನು ತುಂಬಬಹುದೆಂದು ಹೇಳಿಕೊಟ್ಟಿರಬೇಕು. ಬಸವ ಜಯಂತಿ ಬರುವುದೂ ಅದೇ ದಿನ. ಕಾಯಕ ದಾಸೋಹ ಎಂದವನ ಹುಟ್ಟಿದ ದಿನ ನಮ್ಮ ಪತ್ರಿಕೆಗಳ ಮೊದಲ ಪುಟದಲ್ಲಿ ಅವನ ಭಾವಚಿತ್ರಕ್ಕಿಂತ ದೊಡ್ಡದಾಗಿ ಕಾಣುವುದು ನೆಕ್ಲೇಸು. ಆ ದಿನ ಗ್ರಾಂ ಲೆಕ್ಕದಲ್ಲಾದರೂ ಕೊಳ್ಳದಿದ್ದರೆ ವರ್ಷವಿಡೀ ದಾರಿದ್ರ್ಯ ಎಂದು ಸಾಲ ಮಾಡಿ ಕೊಂಡವರನ್ನು ನಾನು ಬಲ್ಲೆ.

ಇಷ್ಟನ್ನು ಹೇಳಿದಾಗ ನನ್ನ ವಿದ್ಯಾರ್ಥಿನಿ ಸುಮ್ಮನಿರಲಿಲ್ಲ. “ಮಿಸ್, ಸಂಸ್ಕೃತಿಯನ್ನ ಓದೋದೇ ತಪ್ಪಾದ್ರೆ ಸಮಾಜಶಾಸ್ತ್ರನೂ ತಪ್ಪಲ್ವಾ? ಎಂ.ಎನ್. ಶ್ರೀನಿವಾಸ್ ಮಾಡಿದ್ದೂ ಇದೇ ತಾನೆ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಮೈಸೂರಿನ ಶ್ರೀನಿವಾಸ್ 1948ರಲ್ಲಿ ಒಂದು ಹಳ್ಳಿಗೆ ಹೋಗಿ ಹತ್ತಿರ ಹತ್ತಿರ ಒಂದು ವರ್ಷ ಅಲ್ಲಿಯೇ ಬಾಳಿದರು. ಜನರ ಮಾನ ಕಾಯಲು ಊರಿಗೆ ರಾಮಪುರ ಎಂದು ಬೇರೆ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು, ಹೆಸರೂ ‘ದಿ ರಿಮೆಂಬರ್ಡ್ ವಿಲೇಜ್’. ಅದನ್ನು ನಾನು ಓದಿದ್ದೇನೆ, ನೀವು ಓದಬಹುದು, ಆ ಊರಿನ ಮೊಮ್ಮಕ್ಕಳು ಓದಿ ‘ನಮ್ಮ ತಾತ ಹಾಗಿರಲಿಲ್ಲ’ ಎಂದು ಜಗಳಕ್ಕೆ ಹೋಗಬಹುದು. ಎರಡು ಗಂಟೆಯಲ್ಲಿ ಬರೆದುಕೊಂಡು ಹೋದ ‘ಮದರ್ಸ್ ಟಚ್’ ಎಲ್ಲಿದೆ? ನನ್ನ ತಂಗಿ ಅದರ ಮೇಲೆ ಯಾರ ಹತ್ತಿರ ಜಗಳಕ್ಕೆ ಹೋಗಬೇಕು?

ತಾಳಮದ್ದಳೆಯ ಅರ್ಥಧಾರಿಯನ್ನು ನಾನು ಮೊದಲೇ ಹೆಸರಿಸಿದ್ದು ಇದಕ್ಕಾಗಿಯೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ ಅರ್ಥ ಹೇಳುತ್ತಿದ್ದರೆ ಎದುರಿಗೆ ರಾಮನ ಅರ್ಥ ಹೇಳುವವರು ಬೆವರಬೇಕಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂಬ ಪ್ರಶ್ನೆಗೆ ಅಲ್ಲಿಯೇ, ಆಗಲೇ ಉತ್ತರ ಕೊಡಬೇಕು. ಸುತ್ತ ಕುಳಿತವರಿಗೆಲ್ಲ ಕಥೆ ಗೊತ್ತು. ತಪ್ಪಿ ನುಡಿದರೆ ಮುದುಕರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಕೊರವಂಜಿಯೂ ಅಷ್ಟೇ. ಮೊರದಲ್ಲಿ ಅಕ್ಕಿ ಕೊಟ್ಟವಳಿಗೇ, ಅವಳ ಕೈ ಹಿಡಿದೇ, ಅವಳ ಮುಖಕ್ಕೇ ಹೇಳುತ್ತಿದ್ದಳು. ಸುಳ್ಳು ಹೇಳಿದರೂ ಎದುರಿಗೆ ಹೇಳುತ್ತಿದ್ದಳು, ಮುಂದಿನ ವರ್ಷ ಅದೇ ಬೀದಿಗೆ ಬರಬೇಕಿತ್ತು. ಈ ಹೊಸಬರು ನನ್ನ ಕೈ ನೋಡಿ ಬೇರೆ ಯಾರಿಗೋ ಕಣಿ ಹೇಳುತ್ತಾರೆ. ಅಕ್ಕಿ ಹಾಕುವವರು ಅವರು. ಮುಚ್ಚಿದ ಕೋಣೆ, ಎದುರು ಅರ್ಥಧಾರಿಯಿಲ್ಲ, ಗಂಟಲು ಸರಿಮಾಡುವ ಮುದುಕರಿಲ್ಲ.

ಹಾಗಿರುವಾಗ ಏನು ಹೇಳಿದರೂ ನಡೆಯುತ್ತದೆ. ಕೆನಡಾದ ಕ್ವಿಬೆಕ್ ನಗರದವರು 2010ರಲ್ಲಿ ತಮ್ಮ ಊರಿನ ಒಳಗುಟ್ಟು ಹೇಳಿಸಿಕೊಳ್ಳಲು ಕ್ಲೊಟೇರ್ ರಪಾಯ್ ಎಂಬ ಪ್ರಸಿದ್ಧ ಸಂಸ್ಕೃತಿ ವ್ಯಾಖ್ಯಾನಕಾರನನ್ನು ಸುಮಾರು 3 ಲಕ್ಷ ಡಾಲರಿಗೆ ಗೊತ್ತುಮಾಡಿಕೊಂಡಿದ್ದರು. ಒಂದೊಂದು ಸಂಸ್ಕೃತಿಯಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಗುಪ್ತಸಂಕೇತ ಇದೆ, ಅದನ್ನು ಒಡೆದು ಹೇಳುತ್ತೇನೆ ಎಂಬುದು ಆತನ ಹೆಗ್ಗಳಿಕೆ. ಅಲ್ಲಿನ ಪತ್ರಿಕೆಯವರು ಆತ ತನ್ನ ಬಗ್ಗೆಯೇ ಹೇಳಿಕೊಂಡಿದ್ದನ್ನು ಒಂದೊಂದಾಗಿ ಪರೀಕ್ಷಿಸಿದರು. ಹಲವು ಸುಳ್ಳೆಂದು ಹೊರಬಿತ್ತು, ನಗರಾಡಳಿತ ಒಪ್ಪಂದ ಮುರಿದುಕೊಂಡಿತು. ಅದು ಊರಿನ ದುಡ್ಡು, ಊರಿನ ಕಣ್ಣೆದುರು ನಡೆದ ಕೆಲಸ, ಅದಕ್ಕೇ ಸಿಕ್ಕಿಬಿದ್ದ. ಕಂಪನಿಯ ಕೋಣೆಯಲ್ಲಾಗಿದ್ದರೆ ಯಾರು ಕೇಳುತ್ತಿದ್ದರು?

“ವರದಿಯ ಒಂದು ಪ್ರತಿಯನ್ನು ಆ ಮನೆಯವಳಿಗೂ ಕಳಿಸಿಕೊಡಿ, ಅವಳ ಭಾಷೆಯಲ್ಲಿ. ಅವಳು ಓದಿ ಇದು ಸರಿ, ಇದು ತಪ್ಪು ಎಂದು ಪಕ್ಕದಲ್ಲಿ ಬರೆಯಲಿ. ಆಮೇಲೆ ಕಂಪನಿಗೆ ಕೊಡಿ” ಎಂದು ನಾನು ಹುಡುಗಿಗೆ ಹೇಳಿದೆ. ಅವಳು ನಕ್ಕು, “ಅದೆಲ್ಲ ಗೋಪ್ಯ ಮಿಸ್, ನಾನು ಸಹಿ ಹಾಕಿಕೊಟ್ಟಿದ್ದೀನಿ” ಎಂದಳು. ಯಾರಿಂದ ಗೋಪ್ಯ? ಪೈಪೋಟಿಯ ಕಂಪನಿಯಿಂದ ಎಂದಳು. ಸರಿ. ಆದರೆ ನಮ್ಮ ತಂಗಿ ಸೋಪಿನ ಕಾರ್ಖಾನೆ ಹಾಕುವವಳಲ್ಲವಲ್ಲ. ಅವಳ ಅಡುಗೆಮನೆಯ ಗುಟ್ಟು ಅವಳಿಗೇ ಗೋಪ್ಯ ಎಂಬ ನ್ಯಾಯ ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು. ರಕ್ತ ಪರೀಕ್ಷೆ ಮಾಡಿದ ಲ್ಯಾಬಿನವರು ರಿಪೋರ್ಟನ್ನು ರೋಗಿಗೆ ತೋರಿಸದೆ ಔಷಧದ ಅಂಗಡಿಗೆ ಮಾರಿದರೆ ನಾವು ಸುಮ್ಮನಿರುತ್ತೇವೆಯೇ? ಹುಡುಗಿ ಇದಕ್ಕೆ ಉತ್ತರ ಹೇಳಲಿಲ್ಲ. ಮೇಲಿನವರಿಗೆ ಒಮ್ಮೆ ಕೇಳಿ ನೋಡುತ್ತೇನೆ ಎಂದಳು. ಕೇಳುತ್ತಾಳೆ ಎಂಬ ನಂಬಿಕೆ ನನಗಿದೆ.

ಅಲ್ಲಿಯವರೆಗೆ ನಾವು ನಮ್ಮ ಕಡೆಯಿಂದ ಮಾಡಬಹುದಾದದ್ದನ್ನು ನನ್ನ ಚಿಕ್ಕಮ್ಮನ ಮಗಳು ಶುರು ಮಾಡಿದ್ದಾಳೆ. ಹೋದ ವರ್ಷ ತಲೆಗೆ ಹಚ್ಚುವ ಎಣ್ಣೆಯ ಬಗ್ಗೆ ವಿಚಾರಿಸಲು ಬೇರೆ ಯಾರೋ ಬಂದರಂತೆ. ಅಮ್ಮ ಮಗಳಿಗೆ ಜಡೆ ಹಾಕುವುದನ್ನು ಚಿತ್ರ ತೆಗೆಯಬೇಕು ಎಂದರಂತೆ. ಇವಳು ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, ಯಾವ ಕಂಪನಿಗೆ, ಏನು ಬರೆಯುತ್ತೀರಿ, ಬರೆದದ್ದನ್ನು ನನಗೆ ಯಾವಾಗ ತಂದು ತೋರಿಸುತ್ತೀರಿ ಎಂದು ಮೂರು ಪ್ರಶ್ನೆ ಕೇಳಿದಳಂತೆ. ವಿಚಾರಿಸಿ ಫೋನು ಮಾಡುತ್ತೇವೆ ಎಂದು ನಂಬರು ಬರೆದುಕೊಂಡು ಹೋದರು. ಇನ್ನೂ ಮಾಡಿಲ್ಲ.